ಏಕೋನನ ಸಂಗಡ

18446744073709551615.

ಅವಸರವಿಲ್ಲ. ಎಡಗಡೆಯಿಂದ ಒಮ್ಮೆ ಕಣ್ಣು ಹಾಯಿಸಿ. ಬೇಕೆನಿಸಿದರೆ ಬಲಗಡೆಯಿಂದ ಹಿಂದಿರುಗಿ ಬನ್ನಿ. ಇಪ್ಪತ್ತು ಅಂಕಿಗಳಿವೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಜೋಡಿ ನಾಲ್ಕು ಎದುರಾಗುತ್ತದೆ. ಆರು, ಏಳನ್ನು ದಾಟಿದರೆ ಮತ್ತದೇ ಜೋಡಿ. ಆಮೇಲೆ ಸೊನ್ನೆ, ಏಳು, ಮೂರು, ಏಳು, ಸೊನ್ನೆ: ಎತ್ತ ಕಡೆಯಿಂದ ಓದಿದರೂ ಒಂದೇ. ಕೊನೆಯ ಹತ್ತಿರ ಎರಡು ಐದುಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ.

ಒಂದನ್ನು ಅರವತ್ತನಾಲ್ಕು ಸಲ ಇಮ್ಮಡಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ. ಆ ಒಂದರ ಕೊರತೆಯಲ್ಲೇ ಇದರ ಚೆಲುವೆಲ್ಲ ಅಡಗಿದೆ. ಅದಕ್ಕೇ ಇವನಿಗೆ ಏಕೋನ ಎಂದು ಹೆಸರಿಟ್ಟುಕೊಂಡಿದ್ದೇನೆ. ಇಷ್ಟು ಉದ್ದದ ಗೆಳೆಯನನ್ನು ಪ್ರತಿ ಸಲವೂ ಪೂರ್ತಿ ಕರೆಯುತ್ತ ಕೂರಲಾಗುವುದಿಲ್ಲ.

ಏಕೋನನ ಮುಖವನ್ನು ಇನ್ನೊಮ್ಮೆ ನೋಡಿ. ಯಾವುದೋ ಒಂದು ಅಂಕಿ ಅಲ್ಲಿಲ್ಲ. ಸೊನ್ನೆ ಇದೆ, ಒಂದು ಇದೆ, ಮೂರರಿಂದ ಒಂಬತ್ತರವರೆಗೆ ಎಲ್ಲವೂ ಇವೆ. ಇಲ್ಲದಿರುವುದು ಎರಡು. ಎರಡನ್ನು ಎರಡರಿಂದ ಗುಣಿಸುತ್ತ, ಬೇರೆ ಏನನ್ನೂ ಬೆರೆಸದೆ ಕಟ್ಟಿಕೊಂಡು ಬಂದ ಮೊತ್ತದ ಮೈಮೇಲೆ ಎರಡೇ ಇಲ್ಲ! ಇದರ ಹಿಂದೆ ಯಾವ ಪ್ರಮೇಯವೂ ಇಲ್ಲ. ಹತ್ತರ ಲೆಕ್ಕದಲ್ಲಿ ಬರೆಯುವ ನಮ್ಮ ರೂಢಿಯಿಂದ ಒದಗಿದ ಆಕಸ್ಮಿಕ ಅಷ್ಟೆ. ಆದರೂ ಅದನ್ನು ಗಮನಿಸಿದಾಗ ಸಿಗುವ ಖುಷಿ ಆಕಸ್ಮಿಕದ್ದಲ್ಲ.

ಇವನನ್ನು ಗಟ್ಟಿಯಾಗಿ ಓದುವುದೂ ಒಂದು ಸುಖ. ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ಒಂದೇ ಉಸಿರಿಗೆ ಇದು ದಕ್ಕುವುದಿಲ್ಲ. ಕೋಟಿ ಕೋಟಿ ಎಂದು ಎರಡು ಸಲ ಹೇಳುವುದು ಬೇಡವೆನ್ನುವವರಿಗೆ ಮಹಾವೀರಾಚಾರ್ಯ ದಾರಿ ತೋರಿಸಿದ್ದಾನೆ. ಕ್ರಿ.ಶ. 850ರ ಸುಮಾರಿಗೆ, ತನ್ನ ಗ್ರಂಥದ ಮೊದಲಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಹೊಗಳಿ, ‘ಗಣಿತಸಾರಸಂಗ್ರಹ’ ಬರೆದವನು ಅವನು. ಏಕದಿಂದ ಹಿಡಿದು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಏಕೋನ ಹೀಗೆ ನಡೆದು ಬರುತ್ತಾನೆ: ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ, ನಾಲ್ಕು ಮಹಾಖರ್ವ, ನಾಲ್ಕು ಖರ್ವ, ನ್ಯರ್ಬುದದಲ್ಲಿ ಸೊನ್ನೆ, ಏಳು ಅರ್ಬುದ... ಮಾನ್ಯಖೇಟದ ಅರಸನ ಕಾಲದ ಗಣಿತಜ್ಞನಿಗೆ ಈ ಇಪ್ಪತ್ತು ಸ್ಥಾನಗಳು ಹೊಸತೇನಾಗಿರಲಿಲ್ಲ. ಏಕೋನನ ಆಚೆಗೂ ಇನ್ನೂ ನಾಲ್ಕು ಸ್ಥಾನ ಅವನು ಖಾಲಿ ಇಟ್ಟುಕೊಂಡಿದ್ದ.

ಆದರೆ ಲೋಕ ಏಕೋನನನ್ನು ನೆನೆದದ್ದು ಬಹುಪಾಲು ಬೆದರಿಸುವುದಕ್ಕೆ. ಚದುರಂಗದ ಕತೆ ಎಲ್ಲರಿಗೂ ಗೊತ್ತು. ಆಟ ಕಂಡುಹಿಡಿದ ಜಾಣ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳುತ್ತಾನೆ, ರಾಜ ನಕ್ಕು ಒಪ್ಪುತ್ತಾನೆ, ಕಣಜ ಬರಿದಾಗುತ್ತದೆ. ಅರವತ್ತನಾಲ್ಕು ಮನೆಗಳ ಒಟ್ಟು ಕಾಳು ಎಷ್ಟೋ ಅಷ್ಟೇ ನಮ್ಮ ಏಕೋನ. ಕ್ರಿ.ಶ. 1000ರ ಸುಮಾರಿಗೇ ಅಲ್‌ಬಿರೂನಿ ಈ ಮೊತ್ತವನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ. ಒಂದು ಅಕ್ಕಿಕಾಳಿಗೆ 20 ಮಿಲಿಗ್ರಾಂ ತೂಕ ಎಂದಿಟ್ಟುಕೊಂಡರೆ ಒಟ್ಟು ಸುಮಾರು 37 ಸಾವಿರ ಕೋಟಿ ಟನ್. ಇಡೀ ಭೂಮಿ ಈಗ ಬೆಳೆಯುವಷ್ಟು ಅಕ್ಕಿಯನ್ನು ಏಳುನೂರು ವರ್ಷ ಕೂಡಿಡಬೇಕಾದೀತು.

ಕತೆ ಹೇಳುವವರು ನೇರ ಕೊನೆಯ ಮನೆಗೆ ಹಾರಿಬಿಡುತ್ತಾರೆ; ನನಗೆ ನಡುವೆ ತಂಗುವುದು ಇಷ್ಟ. ಹಲಗೆಯ ಅರ್ಧ, ಅಂದರೆ ಮೂವತ್ತೆರಡು ಮನೆ ತುಂಬಿದಾಗ ಆದ ಕಾಳು 4294967295. ಅದರ ತೂಕ 86 ಟನ್‌ನಷ್ಟು. ರಾಜ ಆ ಹೊತ್ತಿಗೂ ನಗುತ್ತಲೇ ಇದ್ದಿರಬಹುದು. ಕೆಲವು ಲಾರಿಗಳಲ್ಲಿ ಹಿಡಿಸುವ ಅಕ್ಕಿ, ಅಷ್ಟೆ. ಈ ಅರ್ಧಹಲಗೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ವಿಚಿತ್ರ ಜಾಗದಲ್ಲಿ ಮತ್ತೆ ಸಿಗುತ್ತದೆ. ಇನ್ನೊಂದು ಸಂಗತಿ: ಯಾವ ಮನೆಯನ್ನೇ ನೋಡಿ, ಅದರಲ್ಲಿರುವ ಕಾಳು ಅದಕ್ಕೆ ಹಿಂದಿನ ಮನೆಗಳೆಲ್ಲದರ ಒಟ್ಟಿಗಿಂತ ಸರಿಯಾಗಿ ಒಂದು ಹೆಚ್ಚು. ಕೊನೆಯ ಮನೆಯೊಂದೇ ಮಿಕ್ಕ ಅರವತ್ತಮೂರನ್ನೂ ಸೇರಿಸಿ ತೂಗಿದರೆ ಒಂದು ಕಾಳಿನಿಂದ ಗೆಲ್ಲುತ್ತದೆ. ಎಷ್ಟು ಸಣ್ಣ ಅಂತರ, ಎಷ್ಟು ಖಚಿತ.

ಎರಡನೆಯ ಬೆದರಿಕೆ ಕಾಶಿಯ ಹೆಸರಿನದು. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುಆರ್ ಲ್ಯೂಕಾ ಒಂದು ಆಟಿಕೆ ಹೊರತಂದ. ಮೂರು ಕಡ್ಡಿ, ಒಂದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಇಡೀ ರಾಶಿಯನ್ನು ಇನ್ನೊಂದು ಕಡ್ಡಿಗೆ ಸಾಗಿಸಬೇಕು. ಆಟಿಕೆಯ ಮೇಲೆ ಅವನು ತನ್ನ ಹೆಸರು ಹಾಕಲಿಲ್ಲ. ‘ಅಮಿಯೆಂ ಊರಿನ ಲ್ಯೂಕಾ’ ಎಂಬುದರ ಅಕ್ಷರಗಳನ್ನು ಕಲಸಿ ಸಯಾಮಿನ ಯಾರೋ ಪ್ರೊಫೆಸರ್ ಕ್ಲಾಸ್ ಎಂದು ಹಾಕಿದ. ಜೊತೆಗೊಂದು ಕತೆಯೂ ಹಬ್ಬಿತು. ಕಾಶಿಯ ದೊಡ್ಡ ದೇಗುಲದಲ್ಲಿ ವಜ್ರದ ಮೂರು ಸೂಜಿಗಳಿವೆಯಂತೆ, ಬಂಗಾರದ ಅರವತ್ತನಾಲ್ಕು ಬಿಲ್ಲೆಗಳಿವೆಯಂತೆ, ಪುರೋಹಿತರು ಹಗಲಿರುಳೂ ಸಾಗಿಸುತ್ತಿದ್ದಾರಂತೆ, ಮುಗಿದ ದಿನ ಪ್ರಳಯವಂತೆ. ಕಾಶಿಯಲ್ಲಿ ಅಂಥದ್ದೇನೂ ಇಲ್ಲ, ಕತೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ಆದರೆ ಬೇಕಾಗುವ ನಡೆಗಳ ಸಂಖ್ಯೆ ಮಾತ್ರ ಸುಳ್ಳಲ್ಲ: ಕಾಳಿನ ಲೆಕ್ಕದಲ್ಲಿ ಬಂದ ಅದೇ ಏಕೋನ. ಸೆಕೆಂಡಿಗೆ ಒಂದು ನಡೆಯಂತೆ, ಎಲ್ಲೂ ಎಡವದೆ ಸಾಗಿಸಿದರೂ 58 ಸಾವಿರ ಕೋಟಿ ವರ್ಷಕ್ಕೂ ಮಿಕ್ಕು ಹಿಡಿಯುತ್ತದೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎನ್ನುತ್ತದೆ ಇಂದಿನ ಖಗೋಳ ವಿಜ್ಞಾನ. ಅಂಥ ನಲವತ್ತೆರಡು ವಿಶ್ವಗಳು ಬೇಕು. ನಮ್ಮ ಪುರಾಣದ ಗಡಿಯಾರವೇ ಇದಕ್ಕೆ ಒಗ್ಗುತ್ತದೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಇರುಳೂ ಅಷ್ಟೇ. ಆ ಲೆಕ್ಕ ಹಿಡಿದರೆ ಇಡೀ ಆಟ ಬ್ರಹ್ಮನಿಗೆ ಎರಡು ತಿಂಗಳು, ಮೇಲೊಂದು ವಾರದ ಕೆಲಸ.

ಕಣಜ ಬರಿದಾಗುವುದು, ಲೋಕ ಮುಗಿಯುವುದು: ಏಕೋನನ ಪಾಲಿಗೆ ಬಂದ ಪಾತ್ರಗಳೆಲ್ಲ ಇಂಥವೇ. ನನಗೆ ಇದು ಅನ್ಯಾಯ ಎನಿಸುತ್ತದೆ. ಇವನ ಗಾತ್ರವನ್ನು ನೋಡಿ ಬೆಚ್ಚಿ ಹಿಂದಿರುಗಿದವರು ಇವನ ಒಳಮನೆಗೆ ಕಾಲಿಟ್ಟಿಲ್ಲ. ಒಳಗೆ ಎಷ್ಟು ತಂಪಾಗಿದೆ, ಎಷ್ಟು ಒಪ್ಪವಾಗಿದೆ ಎಂದು ತೋರಿಸುವುದಕ್ಕೇ ನಿಮ್ಮನ್ನು ಕರೆದುಕೊಂಡು ಬಂದೆ.

ಒಳಗೆ ಹೋಗುವ ಬಾಗಿಲು ಛಂದಸ್ಸಿನ ಕಡೆಯಿಂದಿದೆ. ಒಂದು ಅಕ್ಷರ ಲಘುವಾಗಿರಬಹುದು, ಇಲ್ಲವೇ ಗುರು. ಎರಡು ಅಕ್ಷರಕ್ಕೆ ನಾಲ್ಕು ವಿನ್ಯಾಸ, ಮೂರಕ್ಕೆ ಎಂಟು. ನಮ್ಮ ಪಂಪ ರನ್ನರು ಬಳಸಿದ ಮತ್ತೇಭವಿಕ್ರೀಡಿತದ ಪಾದಕ್ಕೆ ಇಪ್ಪತ್ತು ಅಕ್ಷರ. ಇಪ್ಪತ್ತು ಅಕ್ಷರಗಳಲ್ಲಿ ಸಾಧ್ಯವಿರುವ ವಿನ್ಯಾಸಗಳು 10,48,576. ಅಷ್ಟರಲ್ಲಿ ಒಂದಕ್ಕೆ ಮಾತ್ರ ಆ ಮದಗಜದ ನಡಿಗೆ. ಮಿಕ್ಕವುಗಳಲ್ಲಿ ಹೆಚ್ಚಿನವು ಹೆಸರಿಲ್ಲದೆ, ಹಾಡುವವರಿಲ್ಲದೆ ಕಾಯುತ್ತಿವೆ. ಅನುಷ್ಟುಪ್ ಶ್ಲೋಕವೊಂದಕ್ಕೆ ಮೂವತ್ತೆರಡು ಅಕ್ಷರ. ಎರಡು ಶ್ಲೋಕ ಹೇಳಿ ಮುಗಿಸಿದರೆ ಅರವತ್ತನಾಲ್ಕು ಅಕ್ಷರವಾಯಿತು. ಅಷ್ಟಕ್ಕೆ ಲಘು ಗುರುಗಳ ಪ್ರಸ್ತಾರ ಹಾಕುತ್ತ ಹೋಗಿ. ಮೊದಲ ಸಾಲು ಪೂರ್ತಿ ಗುರು, ಕೊನೆಯ ಸಾಲು ಪೂರ್ತಿ ಲಘು. ಆ ಪೂರ್ಣಲಘು ಸಾಲಿಗೆ ಮುಂಚೆ ಎಷ್ಟು ಸಾಲು ಬಂದುಹೋಗಿರುತ್ತವೆ? ಏಕೋನನಷ್ಟು.

ಇಷ್ಟನ್ನು ಎಣಿಸಲು ಅರವತ್ತನಾಲ್ಕು ಸಲ ಇಮ್ಮಡಿಸುವ ತಾಪತ್ರಯ ಬೇಡ ಎಂದು ಪಿಂಗಳ ತನ್ನ ಛಂದಶ್ಶಾಸ್ತ್ರದಲ್ಲೇ ಹೇಳಿಟ್ಟಿದ್ದಾನೆ. ಅಕ್ಷರಗಳ ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ. ಸೊನ್ನೆ ಮುಟ್ಟಿದ ಮೇಲೆ ಹಿಂದಿರುಗು. ಒಂದು ಕಳೆದಿದ್ದಲ್ಲಿ ಇಮ್ಮಡಿಸು, ಅರ್ಧ ಮಾಡಿದ್ದಲ್ಲಿ ವರ್ಗ ಮಾಡು. ಅರವತ್ತನಾಲ್ಕನ್ನು ಅರ್ಧಿಸುತ್ತ ಹೋದರೆ 32, 16, 8, 4, 2, 1. ಮೇಲೇರುವಾಗ ಒಂದು ಇಮ್ಮಡಿ, ಆಮೇಲೆ ಬರೀ ವರ್ಗಗಳು: 2, 4, 16, 256, 65536, 4294967296, 18446744073709551616. ಆರೇ ಮೆಟ್ಟಿಲು. ಈ ವರ್ಗದೇಣಿಯನ್ನು ಕಾಗದದ ಮೇಲೆ ಹತ್ತಿ ನೋಡಿದವರಿಗೆ ಗೊತ್ತು, ನಾಲ್ಕನೆಯ ಮೆಟ್ಟಿಲವರೆಗೆ ಆಡುತ್ತಾ ಹೋಗಬಹುದು, ಐದನೆಯದಕ್ಕೆ ತುಸು ಬೆನ್ನು ಬಾಗಬೇಕು, ಆರನೆಯದರಲ್ಲಿ ಎದುರಿಗೆ ಏಕೋನನ ಮನೆಯ ಸೂರು.

ಏಣಿಯ ಈ ಮೆಟ್ಟಿಲುಗಳನ್ನು ಜೈನರು ಬಹಳ ಮೆಚ್ಚಿದ್ದರು. ‘ಅನುಯೋಗದ್ವಾರ ಸೂತ್ರ’ ಲೋಕದ ಮನುಷ್ಯರ ಸಂಖ್ಯೆಯನ್ನು ಹೇಳುವಾಗ ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದ್ದು ಎನ್ನುತ್ತದೆ. ಅದೇ ಸಂಖ್ಯೆಯನ್ನು ತೊಂಬತ್ತಾರು ಸಲ ಅರ್ಧಿಸಬಹುದಾದದ್ದು, ಇಪ್ಪತ್ತೊಂಬತ್ತು ಸ್ಥಾನ ಹಿಡಿಯುವಂಥದ್ದು ಎಂದೂ ಹೇಳುತ್ತದೆ. ಅಲ್ಲಿನ ಆರನೆಯ ವರ್ಗ ಎಂದರೆ ನಮ್ಮ ಏಕೋನನ ಪಕ್ಕದ ಮನೆಯವನು. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯ ಮುಗಿಸಿದ ‘ಧವಲಾ’ ಟೀಕೆಯಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಎಣಿಕೆಗೆ ಅರ್ಧಚ್ಛೇದ ಎನ್ನುತ್ತಾರೆ. ಎರಡನ್ನು ಎಷ್ಟು ಸಲ ವರ್ಗಿಸಿದರೆ ಅಲ್ಲಿಗೆ ತಲುಪುತ್ತೇವೆ ಎಂಬ ಎಣಿಕೆಗೆ ವರ್ಗಶಲಾಕೆ. ಪಕ್ಕದ ಮನೆಯವನ ಅರ್ಧಚ್ಛೇದ 64, ವರ್ಗಶಲಾಕೆ 6. ಮಹಾಶಂಖದವರೆಗೆ ಚಾಚಿಕೊಂಡ ಸಂಖ್ಯೆ ಆರು ಎಂಬ ಪುಟ್ಟ ಅಂಕಿಯೊಳಗೆ ಬಂದು ಕುಳಿತುಬಿಟ್ಟಿತು. ಧವಲಾದ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ, ಕನ್ನಡ ಲಿಪಿಯಲ್ಲಿ. ಅಲ್ಲಿನ ಬಸದಿಯ ಕತ್ತಲಲ್ಲಿ ಇಂಥ ದೊಡ್ಡ ಸಂಖ್ಯೆಗಳು ಹಳಗನ್ನಡದ ಅಕ್ಷರಗಳ ನಡುವೆ ಅಷ್ಟು ಕಾಲ ಮಲಗಿದ್ದವು ಎಂದು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ.

ಈಗ ಏಕೋನನನ್ನೇ ಬಿಡಿಸಿ ನೋಡೋಣ. ಯಾವ ವರ್ಗದಿಂದಾದರೂ ಒಂದನ್ನು ಕಳೆದರೆ ಅದು ಎರಡು ತುಂಡಾಗುತ್ತದೆ: ಮೂಲಕ್ಕಿಂತ ಒಂದು ಕಡಿಮೆ, ಮೂಲಕ್ಕಿಂತ ಒಂದು ಹೆಚ್ಚು. ಹತ್ತರ ವರ್ಗ ನೂರು; ತೊಂಬತ್ತೊಂಬತ್ತು ಎಂದರೆ ಒಂಬತ್ತು ಸಲ ಹನ್ನೊಂದು. ಶಾಲೆಯಲ್ಲಿ ಕಲಿತದ್ದೇ. ಏಕೋನ ಆರನೆಯ ಮೆಟ್ಟಿಲಿಗಿಂತ ಒಂದು ಕಡಿಮೆ. ಆದ್ದರಿಂದ ಐದನೆಯದಕ್ಕಿಂತ ಒಂದು ಹೆಚ್ಚು ಎಂಬ ತುಂಡು ಕೈಗೆ ಬರುತ್ತದೆ, ಮಿಕ್ಕದ್ದು ಐದನೆಯದಕ್ಕಿಂತ ಒಂದು ಕಡಿಮೆ. ಅದೂ ವರ್ಗಕ್ಕೆ ಒಂದು ಕಡಿಮೆಯೇ, ಅದನ್ನೂ ಬಿಡಿಸಿ. ಅಟ್ಟದ ಮೇಲೆ ಒಂದರೊಳಗೊಂದು ಕೂರಿಸಿಟ್ಟ ಪಾತ್ರೆಗಳ ಹಾಗೆ, ಎತ್ತಿದಷ್ಟೂ ಒಳಗೆ ಅದೇ ಆಕಾರದ ಇನ್ನೊಂದು. ಕೊನೆಗೆ ನೆಲದ ಮೇಲೆ ಹರಡಿಕೊಂಡದ್ದು ಇಷ್ಟು: 3, 5, 17, 257, 65537, 4294967297. ಪಿಂಗಳನ ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಕೂಡಿಸಿದ್ದು. ಈ ಆರನ್ನೂ ಗುಣಿಸಿದರೆ ಏಕೋನ, ಒಂದು ಕಾಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈ ಆರು ಸಂಖ್ಯೆಗಳ ಬೆನ್ನು ಹತ್ತಿದವನು ತುಲೂಸ್ ಊರಿನ ಪಿಯರ್ ದ ಫರ್ಮಾ. ಮೂರು, ಐದು, ಹದಿನೇಳು, 257, 65537 ಐದೂ ಅವಿಭಾಜ್ಯ. ಆದ್ದರಿಂದ ಈ ಸಾಲಿನಲ್ಲಿ ಮುಂದೆ ಬರುವುದೆಲ್ಲವೂ ಅವಿಭಾಜ್ಯವೇ ಎಂದು 1640ರ ವೇಳೆಗೆ ಅವನಿಗೆ ಅನಿಸಿತ್ತು. ಸಾಧಿಸಿ ತೋರಿಸಲಾಗಲಿಲ್ಲ. ಸುಮಾರು ತೊಂಬತ್ತು ವರ್ಷ ಆ ಊಹೆ ಹಾಗೇ ನಿಂತಿತ್ತು. 1732ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿದ್ದ ಇಪ್ಪತ್ತೈದರ ತರುಣ ಲಿಯೊನಾರ್ಡ್ ಆಯ್ಲರ್ ಆರನೆಯದು ಒಡೆಯುತ್ತದೆ ಎಂದು ತೋರಿಸಿದ: 4294967297 ಎಂದರೆ 641 ಸಲ 6700417.

ಈ 641 ಎಲ್ಲಿಂದ ಬಂತು? ಕುರುಡು ಹುಡುಕಾಟವಲ್ಲ ಅದು. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಮಗ್ಗಿಗೆ ಒಂದು ಕೂಡಿಸಿದಂತಿರಬೇಕು ಎಂದು ಆಯ್ಲರ್ ಕಂಡುಕೊಂಡ. ಮತ್ತೆ ಅರವತ್ತನಾಲ್ಕು! ಆ ಮಗ್ಗಿಯಲ್ಲಿ ಬರುವ ಅವಿಭಾಜ್ಯಗಳು 193, 257, 449, 577, 641. ಐದನೆಯ ಬಾಗಿಲು ತಟ್ಟಿದರೆ ತೆರೆದುಕೊಂಡಿತು. ಮುಂದೆ ಇದೇ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ 128ರ ಮಗ್ಗಿಗೆ ಒಂದು ಕೂಡಿಸಿದರೆ ಸಾಕು ಎಂದವನು, ಆಟಿಕೆ ಮಾಡಿ ಕಾಶಿಯವರೆಗೆ ಹೆಸರು ಹಬ್ಬಿಸಿದ ಅದೇ ಲ್ಯೂಕಾ. ಅವನ ಮಗ್ಗಿಯಲ್ಲಿ 641ಕ್ಕೆ ಮೊದಲು ಬರುವ ಅವಿಭಾಜ್ಯ 257 ಒಂದೇ.

641ನ್ನು ಇನ್ನೂ ಹತ್ತಿರದಿಂದ ನೋಡಬೇಕು. ಇಡೀ ಗಣಿತದಲ್ಲಿ ನನಗೆ ಅತ್ಯಂತ ಪ್ರಿಯವಾದ ನಾಲ್ಕು ಸಾಲುಗಳು ಇಲ್ಲಿವೆ. 641 ಎಂದರೆ 640ಕ್ಕೆ ಒಂದು ಕೂಡಿಸಿದ್ದು, 640 ಎಂದರೆ 5 ಸಲ 128. ಅದೇ 641, 625ಕ್ಕೆ 16 ಕೂಡಿಸಿದ್ದೂ ಹೌದು: ಐದರ ನಾಲ್ಕನೇ ಘಾತ, ಎರಡರ ನಾಲ್ಕನೇ ಘಾತ. ಈಗ ಎಲ್ಲವನ್ನೂ 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡುವ ಲೋಕಕ್ಕೆ ಹೋಗೋಣ. ಅಲ್ಲಿ 640 ಎಂದರೆ ಋಣ ಒಂದು. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ ಧನ ಒಂದು. ಅಂದರೆ 625ನ್ನು 2ರ 28ನೇ ಘಾತದಿಂದ ಗುಣಿಸಿದರೆ ಶೇಷ ಒಂದು. ಆದರೆ ಆ ಲೋಕದಲ್ಲಿ 625 ಎಂದರೆ ಋಣ 16. ಹದಿನಾರು ಎಂದರೆ ನಾಲ್ಕು ಎರಡುಗಳು, ಅವು 28ರ ಜೊತೆ ಸೇರಿ 32 ಆದವು. ಋಣ ಚಿಹ್ನೆ ಹೊತ್ತ 2ರ 32ನೇ ಘಾತವೇ ಒಂದು. ಹಾಗಾದರೆ ಆ ಘಾತಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ. ಶೇಷವಿಲ್ಲ, ಭಾಗವಾಯಿತು! ಹತ್ತಂಕಿಯ ಸಂಖ್ಯೆಯನ್ನು ಒಮ್ಮೆಯೂ ಮುಟ್ಟಿ ಭಾಗಿಸಲಿಲ್ಲ. ಎರಡು, ಐದು, ಹದಿನಾರುಗಳ ನಡುವಿನ ಒಂದು ಪಿಸುಮಾತಿನಲ್ಲೇ ಅದು ಒಡೆದುಹೋಯಿತು.

ಏಕೋನನ ಒಳಗೆ ಹೀಗೆ ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲವಿಲ್ಲ: 3, 5, 17, 257, 641, 65537, 6700417. ಏಳು ಬೇರೆ ಬೇರೆ ಅವಿಭಾಜ್ಯಗಳಿದ್ದರೆ ಆಯ್ಕೆ ಮಾಡಿ ಗುಣಿಸುವ ಬಗೆ 128. ಆದ್ದರಿಂದ ಏಕೋನನನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಸರಿಯಾಗಿ 128. ಮುಖದ ಮೇಲೆ ಕಾಣದ ಎರಡು ಇಲ್ಲಿ ಏಳು ಸಲ ಗುಣಿಸಿಕೊಂಡು ಒಳಗಿನಿಂದ ಇಣುಕುತ್ತದೆ.

ಈ ಏಳರಲ್ಲಿ ಐದು ರೇಖಾಗಣಿತದ ರಾಜವಂಶಕ್ಕೆ ಸೇರಿದವು. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಎರಡರಿಂದಲೇ ಹದಿನೇಳು ಸಮಬಾಹುಗಳ ಆಕೃತಿ ರಚಿಸಬಹುದು ಎಂದು ತೋರಿಸಿದ. 3, 5, 17, 257, 65537 ಇವುಗಳನ್ನೂ, ಇವುಗಳಲ್ಲಿ ಬೇರೆ ಬೇರೆಯವನ್ನು ಗುಣಿಸಿ ಬಂದವನ್ನೂ ಬಾಹುಗಳಾಗಿ ಉಳ್ಳ ಆಕೃತಿಗಳೆಲ್ಲ ಹಾಗೆ ಎಳೆಯಲು ಬರುತ್ತವೆ. ಒಟ್ಟು ಮೂವತ್ತೊಂದು. ಬೆಸ ಬಾಹುಗಳುಳ್ಳವುಗಳಲ್ಲಿ ಇದುವರೆಗೆ ಗೊತ್ತಿರುವ ಅತಿ ದೊಡ್ಡದು ಐದನ್ನೂ ಗುಣಿಸಿದ್ದು: 4294967295. ನೆನಪಾಯಿತೆ? ಚದುರಂಗದ ಹಲಗೆಯ ಅರ್ಧಕ್ಕೆ ಬಂದಾಗ ರಾಜ ಅಳೆದುಕೊಟ್ಟ ಕಾಳು. ಆ ಜಾಣನಿಗೂ ರಾಜನಿಗೂ ತಿಳಿಯದಂತೆ ಮೂವತ್ತೆರಡನೆಯ ಮನೆಯ ಅಂಚಿನಲ್ಲಿ ಅಷ್ಟು ಬಾಹುಗಳ ಒಂದು ಆಕೃತಿ ಕೂತಿತ್ತು. ಜರ್ಮನಿಯ ಯೋಹಾನ್ ಗುಸ್ತಾವ್ ಹರ್ಮೆಸ್ 65537 ಬಾಹುಗಳ ರಚನೆಗಾಗಿ ಹತ್ತು ವರ್ಷ ದುಡಿದ. ಅವನ ಹಾಳೆಗಳ ಪೆಟ್ಟಿಗೆ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಅಷ್ಟು ಬಾಹುಗಳ ಆಕೃತಿಯನ್ನು ಎಳೆದರೆ ಕಣ್ಣಿಗೆ ವೃತ್ತದಂತೆಯೇ ಕಾಣುತ್ತದೆ. ಹಾಗಿದ್ದೂ ಹತ್ತು ವರ್ಷ ಕೊಟ್ಟವನ ಬಗ್ಗೆ ನನಗೆ ಮರುಕವಿಲ್ಲ, ಪ್ರೀತಿಯಿದೆ.

ಇದೆಲ್ಲದರಿಂದ ಏನು ಉಪಯೋಗ ಎಂದು ಕೇಳುವವರಿಗೂ ಉತ್ತರವಿದೆ. ಇಂದಿನ ಕಂಪ್ಯೂಟರ್‌ಗಳು, ಮೊಬೈಲ್‌ಗಳು 64 ಬಿಟ್‌ಗಳ ಕೋಶದಲ್ಲಿ ಲೆಕ್ಕ ಇಡುತ್ತವೆ. ಅಂಥ ಕೋಶದಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಏಕೋನನೇ. ಇನ್ನೊಂದು ಕೂಡಿಸಿದರೆ ಕೋಶ ಸೊನ್ನೆಗೆ ಮರಳುತ್ತದೆ. ಉಪಯೋಗದ ಮಾತು ಇಲ್ಲಿಗೆ ಸಾಕು.

ನೆರೆಯವರನ್ನು ಮಾತನಾಡಿಸದೆ ಹೋಗುವುದು ಸರಿಯಲ್ಲ. ಒಂದು ಹೆಜ್ಜೆ ಮುಂದಿರುವವನೊಳಗೆ ಎರಡನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಇನ್ನೊಂದು ಹೆಜ್ಜೆ ಮುಂದಿಟ್ಟರೆ 18446744073709551617, ಫರ್ಮಾನ ಸಾಲಿನ ಏಳನೆಯವನು. ಇವನು ಸುಲಭದವನಲ್ಲ. 1880ರಲ್ಲಿ ಫ್ರಾನ್ಸಿನ ಫಾರ್ಚ್ಯುನೇ ಲಾಂಡ್ರಿ ಇವನನ್ನು 274177 ಮತ್ತು 67280421310721 ಎಂದು ಒಡೆದ. ಆಗ ಲಾಂಡ್ರಿಗೆ ಎಂಬತ್ತೆರಡು ವರ್ಷ. ಕಾಗದ, ಲೇಖನಿ, ಎಂಬತ್ತೆರಡರ ಕಣ್ಣು! ಏಳು ಅವಿಭಾಜ್ಯಗಳ ತುಂಬಿದ ಮನೆ, ಅದರ ಪಕ್ಕ ಎರಡರದ್ದೇ ಒಂಟಿಮನೆ, ಅದರಾಚೆ ಎರಡೇ ಎರಡು ಅವಿಭಾಜ್ಯಗಳು ಕದ ಮುಚ್ಚಿಕೊಂಡು ಕುಳಿತ ಮನೆ.

ದ್ವಿಮಾನದಲ್ಲಿ ಬರೆದರೆ ಏಕೋನ ಎಂದರೆ ಅರವತ್ತನಾಲ್ಕು ಒಂದುಗಳ ಸಾಲು, ನಡುವೆ ಸೊನ್ನೆಯೇ ಇಲ್ಲ. ಇಂಥ ಒಂದರಸಾಲುಗಳನ್ನು ನಮ್ಮಲ್ಲಿ ಯಾರು ಮುದ್ದಿಸಿದ್ದರು ಎಂದು ಯೋಚಿಸುತ್ತ ಮತ್ತೆ ಮಹಾವೀರಾಚಾರ್ಯನ ಬಳಿ ಬಂದೆ. ಗುಣಾಕಾರ ಕಲಿಸುವಾಗ ಅವನು ಉತ್ತರಗಳು ಹಾರದಂತೆ ಕಾಣುವ ಲೆಕ್ಕಗಳನ್ನು ಕೊಡುತ್ತಾನೆ: 12345679ನ್ನು 9ರಿಂದ ಗುಣಿಸಿದರೆ 111111111; 27994681ನ್ನು 441ರಿಂದ ಗುಣಿಸಿದರೆ 12345654321. ಅವುಗಳ ನಡುವೆ ಇನ್ನೊಂದಿದೆ: 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. ನಾನು ನಿಂತುಬಿಟ್ಟದ್ದು ಇಲ್ಲಿ. ಸಾಲಿನ ಉದ್ದ ಎರಡರ ಘಾತವಾಗಿದ್ದರೆ, ಏಕೋನನನ್ನು ಬಿಡಿಸಿದ ಉಪಾಯ ಯಾವ ಮಾನದಲ್ಲಿ ಬರೆದ ಒಂದರಸಾಲಿಗೂ ಒಗ್ಗುತ್ತದೆ. ಹತ್ತರ ಲೆಕ್ಕದಲ್ಲಿ ಎಂಟು ಒಂದುಗಳು ಎಂದರೆ 11 ಸಲ 101 ಸಲ 10001. ಎರಡರ ಲೆಕ್ಕದಲ್ಲಿ ಇದೇ ಮೂರು ಬರಹಗಳು 3, 5, 17. ಅಲ್ಲಿ ಹದಿನೇಳು ಒಡೆಯುವುದಿಲ್ಲ. ಇಲ್ಲಿ 10001 ಒಡೆದು 73 ಮತ್ತು 137 ಆಗುತ್ತದೆ. ಆ 73 ಮಹಾವೀರನ 73. ಮಿಕ್ಕ 11, 101, 137 ಸೇರಿ ಅವನ 152207. ಮೇಲೆ ಮೇಲೆ ಸಾಗುವ ಒಂದೇ ಸಾಲಿನಲ್ಲಿ ಎಲ್ಲೋ ಒಂದು ಕಡೆ ಒಡೆಯದಿರುವುದು ಒಡೆಯುತ್ತದೆ. ಎರಡರ ಲೆಕ್ಕದಲ್ಲಿ ಅದು ಆಯ್ಲರನ ಕೈಗೆ ಸಿಕ್ಕಿತು. ಹತ್ತರ ಲೆಕ್ಕದಲ್ಲಿ ಅದಕ್ಕೂ ಎಂಟುನೂರ ಎಂಬತ್ತು ವರ್ಷ ಮೊದಲು ಅಮೋಘವರ್ಷನ ಕಾಲದ ಗ್ರಂಥದಲ್ಲಿ ಹಾರವಾಗಿ ಜೋತಾಡುತ್ತಿತ್ತು.

ಒಡೆಯುವ ಸಂಖ್ಯೆಗಳು ತಮ್ಮ ಗುಟ್ಟನ್ನು ಇನ್ನೊಂದು ಬಗೆಯಲ್ಲೂ ಬಿಟ್ಟುಕೊಡುತ್ತವೆ. ಎರಡು ವರ್ಗಗಳ ಮೊತ್ತವಾಗಿ ಒಂದು ಸಂಖ್ಯೆಯನ್ನು ಎರಡು ಬೇರೆ ಬಗೆಯಲ್ಲಿ ಬರೆಯಲು ಬಂದರೆ ಅದು ಅವಿಭಾಜ್ಯವಲ್ಲ. 10001 ಎಂದರೆ 100ರ ವರ್ಗಕ್ಕೆ 1ರ ವರ್ಗ ಕೂಡಿಸಿದ್ದು, ಕಣ್ಣಿಗೇ ಕಾಣುತ್ತದೆ. ಆದರೆ 76ರ ವರ್ಗಕ್ಕೆ 65ರ ವರ್ಗ ಕೂಡಿಸಿದರೂ 10001. ಅದೇ ರೀತಿ ಆಯ್ಲರ್ ಒಡೆದ 4294967297 ಎಂದರೆ 65536ರ ವರ್ಗಕ್ಕೆ 1ರ ವರ್ಗ ಕೂಡಿಸಿದ್ದು, ಮತ್ತು 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದ್ದೂ ಹೌದು. 641 ಎಂಬ ಹೆಸರೇ ಎತ್ತದೆ ಅದು ಸಿಕ್ಕಿಬಿತ್ತು.

ಈ ಎರಡನೆಯ ಬರಹದಿಂದ ಹುಟ್ಟುವ ಮರಿಗಳು ನನ್ನ ಸಂಜೆಗಳನ್ನು ಎಷ್ಟೋ ಸಲ ತಿಂದುಹಾಕಿವೆ. 100ರಿಂದ 76 ಕಳೆದು ಅರ್ಧಿಸಿ: 12. 65ಕ್ಕೆ 1 ಕೂಡಿಸಿ ಅರ್ಧಿಸಿ: 33. ಪಕ್ಕಪಕ್ಕ ಇಟ್ಟರೆ 1233. ಈಗ ಎರಡನ್ನೂ ವರ್ಗಿಸಿ ಕೂಡಿಸಿ, 144ಕ್ಕೆ 1089: ಮತ್ತೆ 1233! 76ನ್ನು ಕಳೆಯುವ ಬದಲು ಕೂಡಿಸಿದ್ದರೆ 88 ಮತ್ತು 33. ಆ 8833 ಕೂಡ ಅಷ್ಟೇ, 88ರ ವರ್ಗಕ್ಕೆ 33ರ ವರ್ಗ. ಹತ್ತರ ಸಾಲಿನ ಮುಂದಿನವನು 100000001, ಅವನು 17 ಸಲ 5882353. ಏಕೋನನ ಒಳಗಿದ್ದ ಹದಿನೇಳು ಇಲ್ಲಿಗೂ ಬಂದಿದ್ದಾನೆ. ಇವನ ಎರಡನೆಯ ಬರಹ 8824 ಮತ್ತು 4705ರ ವರ್ಗಗಳದ್ದು. 10000ದಿಂದ 8824 ಕಳೆದು ಅರ್ಧಿಸಿದರೆ 588. 4705ಕ್ಕೆ 1 ಕೂಡಿಸಿ ಅರ್ಧಿಸಿದರೆ 2353. ಪಕ್ಕಪಕ್ಕ ಇಟ್ಟರೆ ಬರುವುದು, ಈಗಷ್ಟೇ ಕಂಡ ಅದೇ ಅವಿಭಾಜ್ಯ 5882353. 588ರ ವರ್ಗ 3,45,744, 2353ರ ವರ್ಗ 55,36,609, ಕೂಡಿಸಿದರೆ 58,82,353.

ಹತ್ತರ ಲೆಕ್ಕದಲ್ಲಿ ಇಷ್ಟಾದರೆ ಏಕೋನನ ಸ್ವಂತ ಮನೆಯಲ್ಲಿ ಏನಾದೀತು? ಅಲ್ಲಿ ನೂರರ ಜಾಗದಲ್ಲಿ 65536 ಇದೆ. 65536ರಿಂದ 62264 ಕಳೆದು ಅರ್ಧಿಸಿದೆ: 1636. 20449ಕ್ಕೆ 1 ಕೂಡಿಸಿ ಅರ್ಧಿಸಿದೆ: 10225. ಅಲ್ಲಿ ಪಕ್ಕಪಕ್ಕ ಇಡುವುದೆಂದರೆ 1636ನ್ನು 65536ರಿಂದ ಗುಣಿಸಿ 10225 ಕೂಡಿಸುವುದು, ಬಂದದ್ದು 10,72,27,121. 1636ರ ವರ್ಗ 26,76,496. 10225ರ ವರ್ಗ 10,45,50,625. ಎರಡೂ ಸೇರಿ 10,72,27,121. ಕಳೆಯುವ ಬದಲು ಕೂಡಿಸಿದರೆ ಇದಕ್ಕೊಬ್ಬ ಅಣ್ಣ ಸಿಗುತ್ತಾನೆ, 63900 ಮತ್ತು 10225ರ ಜೋಡಿ. ಅವನನ್ನು ಬಿಡಿಸಿ ನೋಡುವ ಸುಖವನ್ನು ನಿಮಗೇ ಬಿಟ್ಟಿದ್ದೇನೆ.